ಕಡುಬೇಸಿಗೆಯಲ್ಲಿ ಹೊರಗೆಲಸ: ಸೋಲಿಗರ ಪೋಡು ಕಲಿಸುವ ಪಾಠ



ಯುಗಾದಿ ಕಳೆದ ಮೇಲೆ ಭರಣಿ ಮಳೆಗಾಗಿ ಮುಗಿಲು ನೋಡುವುದು ಬೇಸಾಯಗಾರನಿಗೆ ಹೊಸದಲ್ಲ. ಆದರೆ ಈಚಿನ ಬೇಸಿಗೆಗಳು ಹಿಂದಿನಂತಿಲ್ಲ ಎಂಬುದನ್ನು ನೀವೇ ಕಂಡಿದ್ದೀರಿ. 2023ರಲ್ಲಿ ಮುಂಗಾರು ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಸಾರಲಾಯಿತು. ಅದರ ಬೆನ್ನಿಗೇ ಬಂದ 2024ರ ಬೇಸಿಗೆಯಲ್ಲಿ, ತಂಪಿಗೆ ಹೆಸರಾದ ಬೆಂಗಳೂರಿನಲ್ಲಿಯೇ ಏಪ್ರಿಲ್ 28ರಂದು ಉಷ್ಣತೆ 38.5 ಡಿಗ್ರಿ ಸೆಂಟಿಗ್ರೇಡಿಗೆ ಏರಿತು. ಇಂತಹ ದಿನಗಳಲ್ಲಿ ಬೆಳೆ ಒಣಗುವುದನ್ನು ಎಲ್ಲರೂ ಗಮನಿಸುತ್ತೇವೆ. ಹೊಲದಲ್ಲಿ ದುಡಿಯುವ ಆಳು ಒಣಗುವುದನ್ನು ಗಮನಿಸುವವರು ಕಡಿಮೆ. ಒಣಗಿದ ಬೆಳೆಯನ್ನು ಮರುವರ್ಷ ಬೆಳೆಯಬಹುದು. ಬಿಸಿಲಿಗೆ ಹೋದ ಜೀವ ಮರಳಿ ಬರುವುದಿಲ್ಲ.

ಬೇಸಿಗೆಯಿಡೀ ಹೊರಗೇ ಬದುಕುವ ಜನರಿಂದ ಈ ವಿಷಯದಲ್ಲಿ ಕಲಿಯುವುದು ಬಹಳವಿದೆ. ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಅಂತಹವರು. ಅವರ ವಾಸದ ನೆಲೆಗೆ ಪೋಡು ಎಂದು ಹೆಸರು. ರಾಗಿ, ಜೋಳ, ಕಾಫಿ ಬೆಳೆಯುವುದರ ಜೊತೆಗೆ ಜೇನು, ನೆಲ್ಲಿ, ಸೀಗೆ, ಅಂಟುವಾಳ, ಕಲ್ಲುಹೂವು ಮುಂತಾದ ಕಿರು ಅರಣ್ಯ ಉತ್ಪನ್ನಗಳನ್ನು ಸಂಗ್ರಹಿಸಿ ಅವರು ಬಾಳುತ್ತಾರೆ. ಈ ಲೇಖನದಲ್ಲಿ ಅವರ ಪರಿಸರವನ್ನು ಮುಂದಿಟ್ಟುಕೊಂಡು, ಬಿರುಬಿಸಿಲಿನಲ್ಲಿ ಆಳು, ದನ, ಮನೆ, ಕಾಡು ಈ ನಾಲ್ಕನ್ನೂ ಕಾಪಾಡಿಕೊಳ್ಳುವ ಬಗೆಯನ್ನು ವಿವರಿಸಲಾಗಿದೆ.

ಬಿಸಿಗಾಳಿ ಎಂದರೇನು?

ಬೇಸಿಗೆಯ ಬಿಸಿಲೆಲ್ಲ ಬಿಸಿಗಾಳಿಯಲ್ಲ. ಬಯಲು ಸೀಮೆಯಲ್ಲಿ ಗರಿಷ್ಠ ಉಷ್ಣತೆ 40 ಡಿಗ್ರಿ ಮುಟ್ಟಿ, ಅದು ಆ ದಿನದ ವಾಡಿಕೆಗಿಂತ 4.5 ಡಿಗ್ರಿಯಷ್ಟು ಅಥವಾ ಅದಕ್ಕೂ ಹೆಚ್ಚಾಗಿದ್ದರೆ ಹವಾಮಾನ ಇಲಾಖೆ ಅದನ್ನು ಬಿಸಿಗಾಳಿ ಎಂದು ಕರೆಯುತ್ತದೆ. ವಾಡಿಕೆಗಿಂತ 6.4 ಡಿಗ್ರಿಯನ್ನೂ ಮೀರಿದರೆ ಅದು ತೀವ್ರ ಬಿಸಿಗಾಳಿ. ಬೆಟ್ಟದ ಪ್ರದೇಶಕ್ಕೆ ಈ ಮಿತಿ 40 ಅಲ್ಲ, 30 ಡಿಗ್ರಿ ಮಾತ್ರ.

ಬೆಟ್ಟಕ್ಕೆ ಕಡಿಮೆ ಮಿತಿ ಏಕೆ ಎಂದು ನೀವು ಕೇಳಬಹುದು. ಸಾವಿರ ಮೀಟರು ಮೇಲೇರಿದರೆ ಗಾಳಿ ಸುಮಾರು 6 ಡಿಗ್ರಿಯಷ್ಟು ತಂಪಾಗುತ್ತದೆ. ಬಯಲಿಗಿಂತ 500 ಮೀಟರು ಎತ್ತರದಲ್ಲಿರುವ ಪೋಡಿನಲ್ಲಿ ಸುಮಾರು 3 ಡಿಗ್ರಿ ಕಡಿಮೆ ಇರುವುದು ಸಹಜ. ಆ ತಂಪಿಗೆ ಒಗ್ಗಿದ ಮೈ, ಮರ, ಜೇನು, ತೊರೆ ಎಲ್ಲವೂ ವಾಡಿಕೆಯನ್ನು ಮೀರಿದ ಶಾಖಕ್ಕೆ ಸಿದ್ಧವಾಗಿರುವುದಿಲ್ಲ. ಆದ್ದರಿಂದ ತೊಂದರೆಯನ್ನು ಉಷ್ಣತಾಮಾಪಕದ ಅಂಕಿಯಿಂದ ಮಾತ್ರ ಅಳೆಯದೆ, ಆ ಸ್ಥಳದ ವಾಡಿಕೆಯಿಂದ ಅದು ಎಷ್ಟು ಏರಿದೆ ಎಂಬುದನ್ನೂ ನೋಡಬೇಕು.

ಕಾಡೆಲ್ಲ ತಂಪಲ್ಲ

ಕಾಡಿನವರಿಗೆ ಬೇಸಿಗೆಯ ಚಿಂತೆಯಿಲ್ಲ, ಎಲ್ಲೆಲ್ಲೂ ನೆರಳು ಎಂಬ ಭಾವನೆ ಬಯಲಿನವರಲ್ಲಿದೆ. ಇದು ತಪ್ಪು. ಬಿಳಿಗಿರಿರಂಗನ ಬೆಟ್ಟದ ಬುಡದಲ್ಲಿ ಕುರುಚಲು ಕಾಡು, ಇಳಿಜಾರಿನಲ್ಲಿ ಎಲೆ ಉದುರುವ ಕಾಡು, ಎತ್ತರದಲ್ಲಿ ಮಾತ್ರ ಹಸಿರು ಶೋಲಾ ಮತ್ತು ಹುಲ್ಲುಗಾವಲು ಇವೆ. ಎಲೆ ಉದುರುವ ಕಾಡಿನ ಮರಗಳು ನೀರು ಉಳಿಸಿಕೊಳ್ಳಲು ಚಳಿಗಾಲದ ಕೊನೆಯಿಂದಲೇ ಎಲೆ ಕಳಚುತ್ತವೆ. ಬಿಸಿಲು ಅತಿ ಹೆಚ್ಚಿರುವ ತಿಂಗಳುಗಳಲ್ಲಿಯೇ ಅಲ್ಲಿ ನೆರಳು ಅತಿ ಕಡಿಮೆ. ನೆಲದ ಮೇಲೆ ಒಣ ತರಗು, ತಲೆಯ ಮೇಲೆ ಬರಿಗೊಂಬೆ.

ನೆರಳು ಸಿಗುವುದು ತೊರೆಯ ಅಂಚಿನಲ್ಲಿ. ಹೊಳೆಮತ್ತಿ, ನೇರಳೆ, ಅತ್ತಿ, ಮಾವು ಮೊದಲಾದವು ಬೇರನ್ನು ತೇವಕ್ಕೆ ಇಳಿಸಿಕೊಂಡು ಹಸಿರಾಗಿಯೇ ಇರುತ್ತವೆ. ಸೋಲಿಗರು ಪೂಜಿಸುವ ಹೆಸರಾಂತ ದೊಡ್ಡ ಸಂಪಿಗೆ ಮರ ಇರುವುದೂ ಭಾರ್ಗವಿ ತೊರೆಯ ದಡದಲ್ಲಿಯೇ. ಹಸಿರೆಲೆಯ ನೆರಳು ಬಿಸಿಲನ್ನು ತಡೆಯುವುದಲ್ಲದೆ, ಎಲೆಗಳಿಂದ ನೀರಾವಿ ಹೊರಡುವಾಗ ಸುತ್ತಲಿನ ಶಾಖವನ್ನೂ ಹೀರಿಕೊಳ್ಳುತ್ತದೆ. ಇದರಿಂದಲೇ ತಗಡಿನ ಚಪ್ಪರದ ನೆರಳಿಗೂ ಮರದ ನೆರಳಿಗೂ ಅಂತರ.

ಬಯಲಿನ ರೈತರಿಗೆ ಇಲ್ಲೊಂದು ಪಾಠವಿದೆ. ಹೊಲದ ಬದುವಿಗೆ ಮರ ಆರಿಸುವಾಗ ಅದು ಯಾವ ತಿಂಗಳಲ್ಲಿ ಎಲೆ ಉದುರಿಸುತ್ತದೆ ಎಂಬುದನ್ನು ಗಮನಿಸಬೇಕು. ಹೊಂಗೆಯು ಬೇಸಿಗೆ ಏರುವ ಹೊತ್ತಿಗೆ ಹೊಸ ಚಿಗುರಿನಿಂದ ತುಂಬಿಕೊಳ್ಳುತ್ತದೆ. ಬೇವು, ಹುಣಸೆಗಳೂ ಬಿಸಿಲಿಗೆ ನೆರಳು ಕೊಡುತ್ತವೆ. ಹಿರಿಯರು ಹೊಂಗೆಯ ನೆರಳನ್ನು ತಾಯಿಯ ಮಡಿಲಿಗೆ ಹೋಲಿಸಿದ್ದು ಸುಮ್ಮನೆ ಅಲ್ಲ.

ಮೈ ತಂಪಾಗುವ ಬಗೆ

ನಮ್ಮ ದೇಹದ ಒಳಶಾಖ ಸುಮಾರು 37 ಡಿಗ್ರಿ. ಗುದ್ದಲಿ ಹಿಡಿದು ದುಡಿಯುವಾಗ ಮಾಂಸಖಂಡಗಳು ತಾವೇ ಶಾಖವನ್ನು ಹುಟ್ಟಿಸುತ್ತವೆ. ಈ ಶಾಖ ಚರ್ಮದ ಮೂಲಕ ಹೊರಹೋಗಬೇಕು. ಚರ್ಮದ ಉಷ್ಣತೆ ಸುಮಾರು 35 ಡಿಗ್ರಿ ಇರುವುದರಿಂದ, ಗಾಳಿ ಅದಕ್ಕಿಂತ ತಣ್ಣಗಿದ್ದಾಗ ಶಾಖ ತಾನಾಗಿಯೇ ಹೊರಹೋಗುತ್ತದೆ. ಗಾಳಿಯೇ 38 ಅಥವಾ 40 ಡಿಗ್ರಿ ಇದ್ದಾಗ ಲೆಕ್ಕ ತಿರುಗುಮುರುಗಾಗಿ, ಗಾಳಿಯಿಂದಲೇ ಮೈಗೆ ಶಾಖ ಸೇರುತ್ತದೆ. ಆಗ ಉಳಿಯುವುದು ಬೆವರಿನ ದಾರಿ ಒಂದೇ. ಒಂದು ಲೀಟರು ಬೆವರು ಆರಿದರೆ ಸುಮಾರು 580 ಕಿಲೊಕ್ಯಾಲರಿ ಶಾಖವನ್ನು ಕೊಂಡೊಯ್ಯುತ್ತದೆ. ಬಿರುಬಿಸಿಲಿನ ಕಠಿಣ ದುಡಿಮೆಯಲ್ಲಿ ಗಂಟೆಗೆ ಒಂದು ಲೀಟರಿನಷ್ಟು ಬೆವರು ಹೋಗುವುದುಂಟು.

ಬೆವರು ಆರಿದರೆ ಮಾತ್ರ ತಂಪು. ತೊಟ್ಟಿಕ್ಕಿ ನೆಲಕ್ಕೆ ಬಿದ್ದರೆ ಪ್ರಯೋಜನವಿಲ್ಲ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಬೆವರು ಆರುವುದಿಲ್ಲ. ಆದ್ದರಿಂದ ಒಂದು ಮುಖ್ಯ ಎಚ್ಚರಿಕೆ: ಭರಣಿ ಅಥವಾ ಕೃತ್ತಿಕೆ ಮಳೆ ಒಂದು ಹದ ಬಿದ್ದ ಮರುದಿನ ಉಷ್ಣತಾಮಾಪಕ ಎರಡು ಮೂರು ಡಿಗ್ರಿ ಇಳಿದಿರಬಹುದು. ಆದರೆ ನೆಲದಿಂದ ಆವಿ ಏಳುತ್ತಿರುತ್ತದೆ, ಸೆಕೆ ಹೆಚ್ಚಾಗಿರುತ್ತದೆ. ಹದ ತಪ್ಪೀತೆಂಬ ಆತುರದಲ್ಲಿ ಎಲ್ಲರೂ ಅಂದೇ ಮಧ್ಯಾಹ್ನದವರೆಗೂ ಉಳುಮೆಗೆ ಇಳಿಯುತ್ತಾರೆ. ಒಣಬಿಸಿಲಿನಲ್ಲಿ ಸುಮ್ಮನೆ ಕುಳಿತವನಿಗಿಂತ, ಈ ಸೆಕೆಯಲ್ಲಿ ದುಡಿಯುವವನಿಗೆ ಅಪಾಯ ಹೆಚ್ಚು. ಮಳೆ ಬಂತು, ಇನ್ನು ಭಯವಿಲ್ಲ ಎಂದು ತಿಳಿಯಬೇಡಿ.

ಮೈ ಬಿಸಿಲಿಗೆ ಒಗ್ಗಿಕೊಳ್ಳಲು 7ರಿಂದ 14 ದಿನ ಬೇಕು. ದಿನವೂ ಹೊರಗಿರುವವರ ಮೈ ಬೇಸಿಗೆಯೊಂದಿಗೆ ನಿಧಾನವಾಗಿ ಒಗ್ಗುತ್ತದೆ. ಪಟ್ಟಣದಿಂದ ರಜೆಗೆ ಬಂದ ಮಗನನ್ನೋ, ಕಾಯಿಲೆಯಿಂದ ಎದ್ದ ಆಳನ್ನೋ ಮೊದಲ ದಿನವೇ ಪೂರ್ಣ ಕೆಲಸಕ್ಕೆ ಹಚ್ಚಬಾರದು. ಮೊದಲ ದಿನ ಐದರಲ್ಲಿ ಒಂದು ಪಾಲು ಕೆಲಸ, ಎರಡನೆಯ ದಿನ ಎರಡು ಪಾಲು, ಹೀಗೆ ಐದು ದಿನಗಳಲ್ಲಿ ಪೂರ್ಣ ಕೆಲಸಕ್ಕೆ ತರುವುದು ಸುರಕ್ಷಿತ ಕ್ರಮ.

ಹೊತ್ತಿನ ಹಂಚಿಕೆ

ಬೇಸಿಗೆಯಲ್ಲಿ ಕೆಲಸದ ಮೊತ್ತವನ್ನು ಕಡಿಮೆ ಮಾಡಲಾಗದಿದ್ದರೆ ಹೊತ್ತನ್ನು ಬದಲಿಸಬೇಕು. ಬೆಳಿಗ್ಗೆ ಬೆಳಕು ಹರಿದಾಗಿನಿಂದ 11 ಗಂಟೆಯ ಒಳಗೆ ಕಠಿಣ ಕೆಲಸ, 12ರಿಂದ 3ರವರೆಗೆ ನೆರಳಿನಲ್ಲಿ ಕೂರುವ ಕೆಲಸ, ಇಳಿಹೊತ್ತಿನಲ್ಲಿ ಹಗುರ ಕೆಲಸ ಎಂಬ ಕ್ರಮ ಒಳ್ಳೆಯದು. ಬೀಜ ಹಸನು ಮಾಡುವುದು, ಹಗ್ಗ ಹೊಸೆಯುವುದು, ಬುಟ್ಟಿ ಹೆಣೆಯುವುದು, ಸೀಗೆ ಬಿಡಿಸುವುದು ಇವೆಲ್ಲ ನಡುಮಧ್ಯಾಹ್ನದ ಕೆಲಸಗಳು.

ಆದರೆ ಕಾಡಂಚಿನಲ್ಲಿ ಇದಕ್ಕೊಂದು ತೊಡಕಿದೆ. ಮನುಷ್ಯನಿಗೆ ತಂಪೆನಿಸುವ ಹೊತ್ತೇ ಆನೆಗೂ ತಂಪಿನ ಹೊತ್ತು. ಬೇಸಿಗೆಯಲ್ಲಿ ಕೆರೆಕಟ್ಟೆಗಳು ಬತ್ತಿದಂತೆ ಆನೆ, ಕಾಟಿ, ಕರಡಿಗಳು ಉಳಿದ ಒಂದೆರಡು ನೀರಿನ ನೆಲೆಗಳಿಗೆ ಮುಂಜಾವದಲ್ಲಿಯೂ ಮುಸ್ಸಂಜೆಯಲ್ಲಿಯೂ ಬರುತ್ತವೆ. ಬಿಸಿಲು ತಪ್ಪಿಸಲು ಕತ್ತಲೆಯಲ್ಲಿ ಹೊರಟು ಆನೆಗೆ ಎದುರಾದರೆ ಏನು ಫಲ? ಆದ್ದರಿಂದ ಕಾಡಂಚಿನವರು ಮುಖ ಗುರುತಿಸುವಷ್ಟು ಬೆಳಕಾದ ಮೇಲೆ ಹೊರಡಬೇಕು. ಒಂಟಿಯಾಗಿ ಹೋಗದೆ ನಾಲ್ಕು ಜನ ಸದ್ದು ಮಾಡುತ್ತ ಹೋಗಬೇಕು. ತೊರೆಯ ಬಳಿಗೆ ಹೋಗುವ ಮುನ್ನ ನಿಂತು ಕಿವಿಗೊಡಬೇಕು. ಗುಂಪಿನಲ್ಲಿ ಹೋಗುವುದರಿಂದ ಇನ್ನೊಂದು ಲಾಭವುಂಟು. ಬಿಸಿಲಾಘಾತವಾದವನಿಗೆ ತನಗೇನಾಗಿದೆ ಎಂಬುದೇ ತಿಳಿಯುವುದಿಲ್ಲ. ಅದು ತಿಳಿಯುವುದು ಪಕ್ಕದವನಿಗೆ.

ಜೇನ್ನೊಣ ಮಾಡುವ ಉಪಾಯ

ಸೋಲಿಗರು ಹೆಜ್ಜೇನು, ತುಡುವೆ, ಕಡ್ಡಿಜೇನು, ನೆಸರಿಜೇನು ಎಂದು ಜೇನನ್ನು ಬೇರೆ ಬೇರೆಯಾಗಿ ಗುರುತಿಸುತ್ತಾರೆ. ಹೆಜ್ಜೇನಿನ ಸುಗ್ಗಿ ಈ ಕಡುಬೇಸಿಗೆಯಲ್ಲಿಯೇ ಬರುತ್ತದೆ. ತುಡುವೆ ಗೂಡಿನ ಮರಿಗಳಿಗೆ ಸುಮಾರು 34 ಡಿಗ್ರಿ ಶಾಖ ಬೇಕು. ಅದಕ್ಕಿಂತ ಹೆಚ್ಚು ಏರಿದರೆ ಮರಿಗಳು ಕೆಡುತ್ತವೆ. ಹೊರಗೆ ಬಿಸಿಲು ಏರಿದಾಗ ಕೆಲವು ನೊಣಗಳು ಮಕರಂದ ಬಿಟ್ಟು ನೀರನ್ನೇ ಹೊತ್ತು ತರುತ್ತವೆ. ಒಳಗಿನ ನೊಣಗಳು ಅದನ್ನು ಎರಿಯ ಮೇಲೆ ತೆಳ್ಳಗೆ ಹರಡಿ ರೆಕ್ಕೆಯಿಂದ ಗಾಳಿ ಬೀಸುತ್ತವೆ. ನೀರು ಆರಿ ಗೂಡು ತಂಪಾಗುತ್ತದೆ. ನಮ್ಮ ಬೆವರು ಮಾಡುವ ಕೆಲಸವೂ ಇದೇ.

ಜೇನುಪೆಟ್ಟಿಗೆ ಇಟ್ಟಿರುವವರು ಇದನ್ನು ನೆನಪಿಡಬೇಕು. ಪೆಟ್ಟಿಗೆಯನ್ನು ಮರದ ನೆರಳಿಗೆ ಸರಿಸಿ, ಮೇಲೆ ಒದ್ದೆ ಗೋಣಿ ಹೊದಿಸಿ. ಹತ್ತಿರದಲ್ಲಿ ಅಗಲವಾದ ಮಣ್ಣಿನ ತಟ್ಟೆಯಲ್ಲಿ ನೀರಿಟ್ಟು, ನೊಣ ಮುಳುಗದಂತೆ ಕಲ್ಲುಚೂರು ಹಾಕಿ. ನೀರು ದೂರವಾದಷ್ಟೂ ನೊಣದ ದುಡಿಮೆ ವ್ಯರ್ಥ. ಕುಟುಂಬವೇ ಪೆಟ್ಟಿಗೆ ಬಿಟ್ಟು ಹೋಗುವ ಸಂಭವವೂ ಇದೆ.

ನೀರು ಮತ್ತು ಆಹಾರ

ಬಾಯಾರಿಕೆಯಾಗುವವರೆಗೆ ಕಾಯಬಾರದು. ಬಿಸಿಲಿನಲ್ಲಿ ದುಡಿಯುವವರು 15ರಿಂದ 20 ನಿಮಿಷಕ್ಕೊಮ್ಮೆ ಒಂದು ಲೋಟದಷ್ಟು, ಅಂದರೆ ಸುಮಾರು 250 ಮಿ.ಲೀ. ನೀರು ಕುಡಿಯುವುದು ಸರಿಯಾದ ಅಳತೆ. ಒಮ್ಮೆಗೇ ಚೆಂಬುಗಟ್ಟಲೆ ಕುಡಿದು ಗಂಟೆಗಟ್ಟಲೆ ಸುಮ್ಮನಿರುವುದು ಸರಿಯಲ್ಲ. ಗಂಟೆಗೆ ಒಂದೂವರೆ ಲೀಟರಿಗಿಂತ ಹೆಚ್ಚು ಕುಡಿಯುವುದೂ ಬೇಡ. ಮೂತ್ರ ತಿಳಿಹಳದಿ ಬಣ್ಣದ್ದಾಗಿದ್ದರೆ ನೀರು ಸಾಕಾಗಿದೆ ಎಂದರ್ಥ, ಕಡುಹಳದಿಯಾದರೆ ಸಾಲದು.

ಬೆವರಿನೊಡನೆ ಉಪ್ಪೂ ಹೋಗುತ್ತದೆ. ಇದಕ್ಕೆ ಉಪ್ಪಿನ ಗುಳಿಗೆ ಬೇಕಿಲ್ಲ. ಉಪ್ಪು ಹಾಕಿದ ಮಜ್ಜಿಗೆ, ರಾಗಿ ಅಂಬಲಿ, ತೆಳು ಗಂಜಿ ಸಾಕು. ಬಹಳ ಬೆವರಿ ಸುಸ್ತಾದವರಿಗೆ ಒಂದು ಲೀಟರು ಕಾಯಿಸಿ ಆರಿಸಿದ ನೀರಿಗೆ ಆರು ಸಮತಟ್ಟಾದ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ ಸ್ವಲ್ಪಸ್ವಲ್ಪವಾಗಿ ಕುಡಿಸಿ. ಈ ಅಳತೆ ತಪ್ಪಬಾರದು. ಹೆಂಡ, ಸಾರಾಯಿ ಮೈಯ ನೀರನ್ನು ಇನ್ನಷ್ಟು ಹೊರಹಾಕುವುದರಿಂದ ಬಿಸಿಲಿನ ದಿನ ಅವು ವಿಷಕ್ಕೆ ಸಮಾನ. ಬತ್ತುತ್ತಿರುವ ತೊರೆಯ ಗುಂಡಿಯ ನೀರನ್ನು ಕಾಯಿಸದೆ ಕುಡಿಯಬಾರದು; ಬೇಸಿಗೆಯ ವಾಂತಿಭೇದಿ ಮೈಯನ್ನು ಬಿಸಿಲಿಗಿಂತಲೂ ಬೇಗ ಒಣಗಿಸುತ್ತದೆ.

ಮನೆಯ ಮಾಡು

ಸೋಲಿಗರ ಹಳೆಯ ಮನೆ ಬಿದಿರು, ಮಣ್ಣು ಮತ್ತು ಹುಲ್ಲಿನದು. ಹುಲ್ಲಿನ ಎಳೆಗಳ ನಡುವೆ ಸಿಕ್ಕಿದ ಗಾಳಿ ಶಾಖವನ್ನು ಒಳಕ್ಕೆ ಬಿಡುವುದಿಲ್ಲ. ತಗಡಿನ ಮಾಡಿಗೆ ಈ ಗುಣವಿಲ್ಲ. ಬಿಸಿಲಿಗೆ ಕಾದ ತಗಡು ಒಳಗಿರುವವರ ತಲೆಯ ಮೇಲೆಯೇ ಶಾಖವನ್ನು ಬೀರುತ್ತದೆ. ತಗಡು ಬಾಳಿಕೆ ಬರುತ್ತದೆ, ಮಳೆಗೆ ಸೋರುವುದಿಲ್ಲ, ಬೆಂಕಿಗೆ ಹೆದರಬೇಕಾಗಿಲ್ಲ ಎಂಬುದು ನಿಜ. ಆದರೆ ಹಗಲಿಡೀ ಬಿಸಿಲಿನಲ್ಲಿ ದುಡಿದವನಿಗೆ ರಾತ್ರಿಯಾದರೂ ಮೈ ಆರಬೇಕು. ರಾತ್ರಿ ಆರದ ಮೈ ಮರುದಿನ ಬೇಗ ಸೋಲುತ್ತದೆ.

ತಗಡಿನ ಮನೆಯಿರುವವರು ಮಾಡಬಹುದಾದ ಸುಲಭ ಕೆಲಸಗಳು ಇವು:

1. ತಗಡಿಗೆ ಬಿಳಿ ಸುಣ್ಣ ಬಳಿಯಿರಿ. ಬಿಳಿ ಬಣ್ಣ ಬಿಸಿಲನ್ನು ಹಿಂದಕ್ಕೆ ಚಿಮ್ಮಿಸುತ್ತದೆ.
2. ತಗಡಿನ ಕೆಳಗೆ ಒಂದು ಮೊಳ ಅಂತರ ಬಿಟ್ಟು ಬಿದಿರ ತಟ್ಟಿ ಕಟ್ಟಿ. ನಡುವೆ ಗಾಳಿಯಾಡಲು ಎರಡೂ ಕಡೆ ಕಿಂಡಿ ಬಿಡಿ. ಒಲೆಯ ಮೇಲ್ಭಾಗದಲ್ಲಿ ಮಾತ್ರ ತಟ್ಟಿ ಬೇಡ.
3. ಪಡುವಣ ಗೋಡೆಗೆ ಚಪ್ಪರ ಹಾಕಿ ಸೋರೆ, ಅವರೆ, ಪಡವಲ ಬಳ್ಳಿ ಹಬ್ಬಿಸಿ. ಸಂಜೆಯ ಓರೆಬಿಸಿಲು ಗೋಡೆಗೆ ತಗಲುವುದಿಲ್ಲ, ಕಾಯಿಪಲ್ಯವೂ ಸಿಗುತ್ತದೆ.
4. ಮುದುಕರು, ಬಸುರಿಯರು, ಕೂಸುಗಳನ್ನು ನಡುಮಧ್ಯಾಹ್ನ ತಗಡಿನ ಕೆಳಗೆ ಬಿಡದೆ ಮರದ ನೆರಳಿಗೆ ಕರೆತನ್ನಿ.

ದನಕರುಗಳ ಪಾಲನೆ

ಹಾಲು ಕರೆಯುವ ಹಸುವಿಗೆ ಕಡುಬೇಸಿಗೆಯಲ್ಲಿ ದಿನಕ್ಕೆ 60ರಿಂದ 80 ಲೀಟರು ನೀರು ಬೇಕು. ಹಳ್ಳಿಕಾರದಂತಹ ನಾಡತಳಿಗಳು ಬಿಸಿಲನ್ನು ತಾಳುತ್ತವೆ. ಮಿಶ್ರತಳಿಯ ಹಸುಗಳು ಬೇಗ ಸೋಲುತ್ತವೆ. ಎಮ್ಮೆಗೆ ಕಪ್ಪು ಚರ್ಮ, ಬೆವರು ಗ್ರಂಥಿಗಳೂ ಕಡಿಮೆ. ಅದಕ್ಕೆ ಕೆಸರಿನ ಹೊಂಡ ಹುಡುಕುವ ಚಾಳಿ ಬಂದಿರುವುದು ಇದರಿಂದಲೇ. ಹೊಂಡವಿಲ್ಲದಿದ್ದರೆ ದಿನಕ್ಕೆ ಎರಡು ಮೂರು ಸಲ ಮೈಮೇಲೆ ನೀರು ಹೊಯ್ಯಿರಿ. ದನ ಬಾಯಿ ತೆರೆದು ನಾಲಿಗೆ ಹೊರಚಾಚಿ ತೇಕುತ್ತಿದ್ದರೆ ತಡಮಾಡದೆ ನೆರಳಿಗೆ ತಂದು ನೀರು ಸುರಿಯಿರಿ. ಒಣಮೇವನ್ನು ಸಂಜೆಯ ಮೇಲೆ ಹಾಕಿ. ಮೇವು ಅರಗುವಾಗ ಹೊಟ್ಟೆಯಲ್ಲಿ ಹುಟ್ಟುವ ಶಾಖ ರಾತ್ರಿಯ ತಂಪಿನಲ್ಲಿ ಕಳೆದುಹೋಗುತ್ತದೆ.

ಬೆಂಕಿಯ ಭಯ

ಬೇಸಿಗೆಯಲ್ಲಿ ಕಾಡಂಚಿನವರನ್ನು ಬಿಸಿಲಿಗಿಂತಲೂ ಹೆಚ್ಚಾಗಿ ಕಾಡುವುದು ಬೆಂಕಿ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಹಬ್ಬಿದ ಬೆಂಕಿ ನಾಲ್ಕು ಸಾವಿರ ಹೆಕ್ಟೇರಿಗೂ ಹೆಚ್ಚು ಕಾಡನ್ನು ಸುಟ್ಟಿತು. ನಮ್ಮ ಒಣಕಾಡುಗಳಲ್ಲಿ ಬೆಂಕಿ ತಾನಾಗಿ ಹುಟ್ಟುವುದು ತೀರ ವಿರಳ; ಬಹುತೇಕ ಮನುಷ್ಯನ ಕೈಯಿಂದಲೇ ಹೊರಡುತ್ತದೆ.

ಈ ವಿಷಯದಲ್ಲಿ ಸೋಲಿಗರ ಅನುಭವ ಕೇಳತಕ್ಕದ್ದು. ಹಿಂದೆ ಅವರು ಬೇಸಿಗೆ ಏರುವ ಮೊದಲೇ, ತರಗು ತೆಳ್ಳಗಿರುವಾಗ ಕಿರುಬೆಂಕಿ ಇಡುತ್ತಿದ್ದರು. ಇದಕ್ಕೆ ತರಗುಬೆಂಕಿ ಎಂದು ಹೆಸರು. ಉರಿ ಮೊಣಕಾಲಿಗಿಂತ ಮೇಲೇರದೆ ತರಗನ್ನು ಮಾತ್ರ ತಿಂದು ಆರುತ್ತಿತ್ತು. 1974ರಲ್ಲಿ ಬೆಟ್ಟವನ್ನು ವನ್ಯಧಾಮವೆಂದು ಸಾರಿದ ಮೇಲೆ ಇದು ನಿಂತಿತು. ಬೆಂಕಿ ನಿಂತುದರಿಂದಲೇ ಲಂಟಾನ ಹಬ್ಬಿತು, ನೆಲ್ಲಿ ಮರಗಳಿಗೆ ಬದನಿಕೆ ಹೆಚ್ಚಿತು ಎಂಬುದು ಹಿರಿಯ ಸೋಲಿಗರ ವಾದ. ಸಂಶೋಧಕರೂ ಈ ವಾದವನ್ನು ಗಂಭೀರವಾಗಿ ಪರಿಗಣಿಸಿದ್ದಾರೆ. 19ನೆಯ ಶತಮಾನದ ಆರಂಭದಲ್ಲಿ ತೋಟದ ಗಿಡವಾಗಿ ನಮ್ಮ ದೇಶಕ್ಕೆ ಬಂದ ಲಂಟಾನ ಈಗ ಕಾಡಿನ ಕೆಳಹಂತವನ್ನೇ ಆವರಿಸಿದೆ. ಒಣಗಿದ ಲಂಟಾನದ ಪೊದೆ ಹೊತ್ತಿದರೆ ಉರಿ ಮರದ ಕೊಂಬೆಗೇ ಏರುತ್ತದೆ. ಹಿಂದಿನ ಕಿರುಬೆಂಕಿಗೂ ಈಗಿನ ಕಾಳ್ಗಿಚ್ಚಿಗೂ ಇರುವ ವ್ಯತ್ಯಾಸ ಇದು.

ಹಾಗೆಂದು ಇಂದು ಯಾರೂ ತಾವಾಗಿ ಕಾಡಿಗೆ ಬೆಂಕಿ ಇಡಬಾರದು. ಅದು ಕಾನೂನಿಗೆ ವಿರುದ್ಧ. ಲಂಟಾನ ತುಂಬಿದ ಕಾಡಿನಲ್ಲಿ ಅದು ಕೈಮೀರುವುದೂ ಖಂಡಿತ. ಸೋಲಿಗರಿಗೆ 2011ರಲ್ಲಿ ಸಮುದಾಯ ಅರಣ್ಯ ಹಕ್ಕು ದೊರೆತಿದೆ. ಕಾಡನ್ನು ನೋಡಿಕೊಳ್ಳುವ ಬಗೆಯನ್ನು ಗ್ರಾಮಸಭೆ ಮತ್ತು ಅರಣ್ಯ ಇಲಾಖೆ ಒಟ್ಟಿಗೆ ಕುಳಿತು ನಿರ್ಧರಿಸಬೇಕಾದ ಕಾಲವಿದು. ರೈತರಾಗಿ ನೀವು ಮಾಡಬೇಕಾದದ್ದು ಇಷ್ಟು: ಹೊಲದ ಕೂಳೆ, ಬದುವಿನ ಹುಲ್ಲನ್ನು ಸುಡದೆ ಗೊಬ್ಬರದ ಗುಂಡಿಗೆ ಹಾಕಿ ಅಥವಾ ತೋಟಕ್ಕೆ ಹೊದಿಕೆಯಾಗಿ ಬಳಸಿ. ಕಾಡಿಗೆ ತಾಗಿದ ಬದುವಿನ ಉದ್ದಕ್ಕೂ ಜನವರಿಯಲ್ಲಿಯೇ ತರಗು ಗುಡಿಸಿ ಹತ್ತು ಅಡಿ ಅಗಲ ಬೋಳು ಪಟ್ಟಿ ಮಾಡಿ. ಬೀಡಿ ತುಂಡನ್ನು ಮಣ್ಣಿನಲ್ಲಿ ಹೊಸಕದೆ ಬಿಡಬೇಡಿ. ಹೊಗೆ ಕಂಡ ಕೂಡಲೇ ಅರಣ್ಯ ಸಿಬ್ಬಂದಿಗೆ ತಿಳಿಸಿ.

ಬಿಸಿಲಾಘಾತ: ಗುರುತು ಮತ್ತು ಚಿಕಿತ್ಸೆ

ಮೊದಲು ತಲೆನೋವು, ತಲೆಸುತ್ತು, ಓಕರಿಕೆ, ಕಾಲಿನ ಸೆಳೆತ ಬರುತ್ತವೆ. ಈ ಹಂತದಲ್ಲಿಯೇ ಕೆಲಸ ನಿಲ್ಲಿಸಿ, ನೆರಳಿನಲ್ಲಿ ಮಲಗಿಸಿ, ಉಪ್ಪು ಸಕ್ಕರೆಯ ನೀರು ಕೊಟ್ಟರೆ ಬಹುತೇಕ ಜನ ಚೇತರಿಸಿಕೊಳ್ಳುತ್ತಾರೆ. ಇನ್ನೊಂದು ಸಾಲು ಮುಗಿಸಿ ಕೂರುತ್ತೇನೆ ಎಂದವರೇ ಮುಂದಿನ ಹಂತಕ್ಕೆ ಹೋಗುವವರು.

ಮಾತು ತೊದಲುವುದು, ಅಸಂಬದ್ಧವಾಗಿ ನುಡಿಯುವುದು, ಸಿಡುಕುವುದು, ದಾರಿ ತಪ್ಪಿದಂತೆ ನಡೆಯುವುದು, ಎಚ್ಚರ ತಪ್ಪುವುದು, ಮುಟ್ಟಿದರೆ ಮೈ ಸುಡುವುದು ಇವು ಬಿಸಿಲಾಘಾತದ ಗುರುತುಗಳು. ಆಗ ಒಳಶಾಖ 40 ಡಿಗ್ರಿ ದಾಟಿರುತ್ತದೆ. ಮೈ ಬೆವರುತ್ತಿದೆ ಎಂದು ಸಮಾಧಾನಪಡಬೇಡಿ. ದುಡಿಯುವವರಲ್ಲಿ ಬೆವರು ಇರುವಾಗಲೂ ಆಘಾತವಾಗುತ್ತದೆ. ಇದು ಕುಡಿದ ಅಮಲೂ ಅಲ್ಲ, ಗಾಳಿ ಸೋಂಕೂ ಅಲ್ಲ. ಮಂತ್ರ, ತಾಯಿತ ಎಂದು ಹೊತ್ತು ಕಳೆಯಬಾರದು.

ಮೊದಲ ಅರ್ಧ ಗಂಟೆಯಲ್ಲಿ ಮೈ ತಂಪು ಮಾಡಿದರೆ ಜೀವ ಉಳಿಯುವ ಸಂಭವ ಹೆಚ್ಚು. ಆಸ್ಪತ್ರೆ ದೂರವಿರುವ ಪೋಡು, ಹಟ್ಟಿ, ಕೊಪ್ಪಲುಗಳಲ್ಲಿ ಈ ಅರ್ಧ ಗಂಟೆ ನಿಮ್ಮ ಕೈಯಲ್ಲಿಯೇ ಇರುತ್ತದೆ. ಒಬ್ಬರು 108ಕ್ಕೆ ಕರೆ ಮಾಡಲಿ. ಉಳಿದವರು ಅವನನ್ನು ನೆರಳಿಗೆ ಎತ್ತಿ ತಂದು, ಬಟ್ಟೆ ಸಡಿಲಿಸಿ, ತಲೆಯಿಂದ ಕಾಲಿನವರೆಗೆ ಬಿಂದಿಗೆಗಟ್ಟಲೆ ನೀರು ಸುರಿಯಲಿ. ಟವೆಲು, ಮೊರ, ಮುತ್ತುಗದ ಎಲೆ ಯಾವುದರಿಂದಲಾದರೂ ಬಿಡದೆ ಗಾಳಿ ಬೀಸಲಿ. ಕತ್ತು, ಕಂಕುಳು, ತೊಡೆಸಂದಿಗೆ ಒದ್ದೆ ಬಟ್ಟೆ ಇಡಿ. ಎಚ್ಚರ ತಪ್ಪಿದವನ ಬಾಯಿಗೆ ನೀರು ಹಾಕಬಾರದು. ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಪಕ್ಕಕ್ಕೆ ಹೊರಳಿಸಿ ಮಲಗಿಸಿ. ಜ್ವರದ ಮಾತ್ರೆಯಿಂದ ಈ ಶಾಖ ಇಳಿಯುವುದಿಲ್ಲ. ಮೊದಲು ತಂಪು ಮಾಡಿ, ನಂತರ ಸಾಗಿಸಿ. ದಾರಿಯಲ್ಲಿಯೂ ನೀರು ಹೊಯ್ಯುವುದನ್ನು ನಿಲ್ಲಿಸಬೇಡಿ.

ಮುಂದಿನ ಬೇಸಿಗೆಗೆ ಈಗಲೇ ಸಿದ್ಧತೆ

ಬೇಸಿಗೆಯ ನೆರಳನ್ನು ಬೇಸಿಗೆಯಲ್ಲಿ ಬೆಳೆಸಲಾಗುವುದಿಲ್ಲ. ಜೂನ್ ತಿಂಗಳ ಮೊದಲ ಹದದಲ್ಲಿ ಗುಂಡಿ ತೋಡಿ, ಹೊಲಕ್ಕೆ ಎರಡಾದರೂ ಹೊಂಗೆ ಅಥವಾ ಬೇವು, ಮನೆಯ ಪಡುವಣಕ್ಕೆ ಒಂದು ಹುಣಸೆ ಅಥವಾ ಮಾವು ನೆಡಿ. ತೊರೆಯ ಅಂಚಿನ ಮರವನ್ನು ಯಾವ ಕಾರಣಕ್ಕೂ ಕಡಿಯಬೇಡಿ. ಕೂಲಿಗೆ ಆಳು ಕರೆಯುವವರು ಕೂಲಿಯ ಜೊತೆಗೆ ನೀರಿನ ಕೊಡ, ನೆರಳಿನ ಚಪ್ಪರ, ನಡುಮಧ್ಯಾಹ್ನದ ಬಿಡುವು ಇವನ್ನೂ ಲೆಕ್ಕಕ್ಕೆ ಸೇರಿಸಿ. ಇದು ದಾನವಲ್ಲ, ದಣಿಯದ ಆಳು ಬೆಳಗಿನ ತಂಪಿನ ಮೂರು ಗಂಟೆಯಲ್ಲಿ ಮಾಡುವ ಕೆಲಸ, ಸೋತ ಆಳು ಬಿಸಿಲಿನ ಐದು ಗಂಟೆಯಲ್ಲಿ ಮಾಡುವುದಿಲ್ಲ.

ಬಿಸಿಲನ್ನು ನಾವು ತಡೆಯಲಾರೆವು. ಆದರೆ ಹೊತ್ತು, ನೀರು, ನೆರಳು, ಜೊತೆಗಾರ ಈ ನಾಲ್ಕು ನಮ್ಮ ಕೈಯಲ್ಲಿವೆ. ನಾಳೆ ಬೆಳಿಗ್ಗೆ ಗುದ್ದಲಿ ಹೆಗಲಿಗೇರಿಸುವ ಮುನ್ನ ಇವು ನಾಲ್ಕೂ ಇವೆಯೇ ಎಂದು ಒಮ್ಮೆ ನೋಡಿಕೊಳ್ಳಿ.